ನೈದಿಲೆಗೆ ಬೇಕಾದ ಕೆರೆ

ಪೇಟೆಯ ನರ್ಸರಿಗಳಲ್ಲಿ ಈಗ ನೀರಿನ ಹೂಗಿಡಗಳಿಗೂ ಒಂದು ಮೂಲೆ ಮೀಸಲಾಗಿದೆ. ಕಪ್ಪು ಪ್ಲಾಸ್ಟಿಕ್ ಟಬ್ಬುಗಳಲ್ಲಿ ನೀರು, ನೀರಿನ ಮೇಲೆ ಅಂಗೈಯಗಲದ ಎಲೆಗಳು, ನಡುವೆ ನೇರಳೆಯೋ ಗುಲಾಬಿಯೋ ಬಣ್ಣದ ಒಂದೆರಡು ಹೂ. ಕೊಳ್ಳಲು ಬಂದವರು ‘ತಾವರೆ ಎಷ್ಟು?’ ಎಂದು ಕೇಳುತ್ತಾರೆ. ಮಾರುವವರೂ ತಾವರೆಯೆಂದೇ ಕೊಡುತ್ತಾರೆ. ಮನೆಗೆ ಬಂದ ಗಿಡ ಮೊದಲ ವಾರ ಚೆನ್ನಾಗಿಯೇ ಇರುತ್ತದೆ. ಆಮೇಲೆ ನೀರು ಹಸಿರಾಗುತ್ತದೆ, ಎಲೆ ಹಳದಿಯಾಗುತ್ತದೆ, ಹೂ ಮಾತ್ರ ಬರುವುದಿಲ್ಲ. ಎರಡು ತಿಂಗಳು ಕಳೆಯುವಷ್ಟರಲ್ಲಿ ಟಬ್ಬಿನಲ್ಲಿ ಉಳಿಯುವುದು ಸೊಳ್ಳೆಮರಿಗಳು ಮಾತ್ರ.

ತಪ್ಪು ಗಿಡದ್ದಲ್ಲ. ಹೀಗೆ ತಾವರೆಯೆಂದು ಮನೆಗೆ ಬಂದದ್ದು ಬಹುಪಾಲು ತಾವರೆಯೇ ಆಗಿರುವುದಿಲ್ಲ, ಅದು ನೈದಿಲೆ. ಕುಂಡದ ಗುಲಾಬಿಗೆ, ತುಳಸಿಗೆ ಮಾಡುವ ಆರೈಕೆ ಅದಕ್ಕೆ ಒಗ್ಗುವುದಿಲ್ಲ. ಅದು ಕೆರೆಯ ಗಿಡ. ಸಾವಿರಾರು ವರ್ಷಗಳಿಂದ ನಿಂತ ನೀರು, ಅಂಟು ಮಣ್ಣು, ತೆರೆದ ಬಿಸಿಲು ಇವುಗಳ ನಡುವೆ ಬೆಳೆದು ಬಂದದ್ದು. ತೊಟ್ಟಿಯಲ್ಲಿ ನೈದಿಲೆ ಬೆಳೆಸುವ ನಿಯಮಗಳೆಲ್ಲ ಕೆರೆಯಿಂದಲೇ ಬಂದಿವೆ. ಆದ್ದರಿಂದ ತೊಟ್ಟಿಯ ಮಾತಿಗೆ ಮುನ್ನ ಹೂವಿನ ಗುರುತು ಆಗಬೇಕು.

ತಾವರೆ ಬೇರೆ, ನೈದಿಲೆ ಬೇರೆ

ತಾವರೆಯೂ ನೈದಿಲೆಯೂ ಒಂದೇ ಕೆರೆಯಲ್ಲಿ ಅಕ್ಕಪಕ್ಕ ಬೆಳೆಯಬಲ್ಲವು. ದೂರದಿಂದ ನೋಡಿದವರಿಗೆ ಎರಡೂ ಒಂದೇ. ಹತ್ತಿರ ಹೋದರೆ ಗುರುತಿಸುವುದು ಕಷ್ಟವಲ್ಲ. ತಾವರೆಯ ಎಲೆ ದುಂಡನೆಯ ತಟ್ಟೆ. ಅದರಲ್ಲಿ ಸೀಳಿಲ್ಲ, ತೊಟ್ಟು ಎಲೆಯ ನಟ್ಟನಡುವೆ ಕೂಡಿಕೊಂಡಿರುತ್ತದೆ. ಬಲಿತ ಎಲೆಗಳು ನೀರನ್ನು ಬಿಟ್ಟು ಕೊಡೆಯಂತೆ ಮೇಲೆದ್ದು ನಿಲ್ಲುತ್ತವೆ. ಬಿದ್ದ ಹನಿ ಮುತ್ತಿನಂತೆ ಉರುಳಿಹೋಗುತ್ತದೆ. ನೈದಿಲೆಯ ಎಲೆಗೆ ಅಂಚಿನಿಂದ ತೊಟ್ಟಿನವರೆಗೆ ಒಂದು ಸೀಳು ಉಂಟು. ಅದು ನೀರಿನ ಮೇಲೆ ಮಲಗಿಯೇ ಇರುತ್ತದೆ. ತಾವರೆಯ ನಡುವೆ ತೂತುತೂತಾದ ಬೀಜದ ಬಟ್ಟಲು ಎದ್ದು ಕಾಣುತ್ತದೆ. ನೈದಿಲೆಗೆ ಅದಿಲ್ಲ, ಹೂ ಮುಗಿದ ಮೇಲೆ ಅದರ ಕಾಯಿ ನೀರಿನೊಳಗೆ ಮುಳುಗಿ ಬಲಿಯುತ್ತದೆ.

ಈ ಎರಡನ್ನು ಒಂದೇ ಎಂದುಕೊಂಡವರಲ್ಲಿ ನರ್ಸರಿಗೆ ಹೋದವರು ಮಾತ್ರ ಇಲ್ಲ. ಸಸ್ಯಗಳ ಹೆಸರಿಗೆ ಶಿಸ್ತು ತಂದ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ 1753ರಲ್ಲಿ ತಾವರೆಯನ್ನೂ ನೈದಿಲೆಯ ಕುಲಕ್ಕೇ ಸೇರಿಸಿ ‘ನಿಂಫಿಯಾ ನೆಲುಂಬೊ’ ಎಂದು ಕರೆದರು. ಅದೇ ಪುಸ್ತಕದಲ್ಲಿ ಈಜಿಪ್ಟಿನ ಬಿಳಿಯ ನೈದಿಲೆಗೆ ‘ನಿಂಫಿಯಾ ಲೋಟಸ್’ ಎಂಬ ಹೆಸರು ಬಿತ್ತು. ತಾವರೆ ಮುಂದೆ ‘ನೆಲುಂಬೊ’ ಎಂಬ ಬೇರೆ ಕುಲವಾಯಿತು. ನೈದಿಲೆಗೆ ಅಂಟಿದ ‘ಲೋಟಸ್’ ಎಂಬ ಹೆಸರು ಮಾತ್ರ ಇಂದಿಗೂ ಉಳಿದಿದೆ. ಈಜಿಪ್ಟಿನ ಗೋರಿಚಿತ್ರಗಳಲ್ಲಿ ಕಾಣುವ ‘ನೀಲಿ ಕಮಲ’ವೂ ಕಮಲವಲ್ಲ, ನೀಲಿ ನೈದಿಲೆ. ತುತಾಂಖಾಮನ್ ದೊರೆಯ ಶವದ ಮೇಲಿದ್ದ ಹೂಹಾರದಲ್ಲಿ ಇದರ ಎಸಳುಗಳು ಸಿಕ್ಕಿವೆ. ಮೂರು ಸಾವಿರ ವರ್ಷಗಳ ಹಿಂದೆಯೂ ಜನ ಈ ಹೂವನ್ನು ಸತ್ತವರ ಜೊತೆ ಕಳಿಸುವಷ್ಟು ಪ್ರೀತಿಸಿದ್ದರು.

ವಂಶವಾಹಿಗಳ ಅಧ್ಯಯನ ಬೆಳೆದ ಮೇಲೆ ತಾವರೆ–ನೈದಿಲೆಗಳ ನಂಟು ಇನ್ನೂ ದೂರವಾಯಿತು. ಹೂಬಿಡುವ ಗಿಡಗಳ ವಂಶವೃಕ್ಷದಲ್ಲಿ ತೀರ ಹಳೆಯ ಕವಲುಗಳಲ್ಲಿ ಒಂದು ನೈದಿಲೆಯದು. ತಾವರೆ ಅದಕ್ಕಿಂತ ಬಹಳ ಈಚಿನ ಬೇರೊಂದು ಕವಲಿಗೆ ಸೇರಿದೆ. ಆ ಕವಲಿನಲ್ಲಿ ತಾವರೆಯ ಜೊತೆಗಿರುವುದು ಯಾವ ನೀರಿನ ಗಿಡವೂ ಅಲ್ಲ. ಕೊಡಗು–ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆಂದು ಬೆಳೆಸುವ ಸಿಲ್ವರ್ ಓಕ್ ಮರ! ಪಕ್ಕದ ನೈದಿಲೆಗಿಂತ ಬೆಟ್ಟದ ಮೇಲಿನ ಆ ಮರ ತಾವರೆಗೆ ಹತ್ತಿರದ ನೆಂಟ ಎಂದರೆ ನಂಬುವುದು ಕಷ್ಟ. ಒಂದೇ ನೀರಿನಲ್ಲಿ ಬಾಳಿದ ಎರಡು ಮನೆತನಗಳಿಗೆ ಒಂದೇ ಬಗೆಯ ರೂಪ ಬಂದಿತು, ಅಷ್ಟೆ.

ಭಾರತೀಯ ಪರಂಪರೆಗೆ ಈ ವ್ಯತ್ಯಾಸ ಹೊಸದಲ್ಲ. ಮನ್ಮಥನ ಐದು ಬಾಣಗಳ ಪಟ್ಟಿಯಲ್ಲಿ ಅರವಿಂದವೂ ಇದೆ, ನೀಲೋತ್ಪಲವೂ ಇದೆ. ಒಂದು ತಾವರೆ, ಇನ್ನೊಂದು ನೀಲಿ ನೈದಿಲೆ. ಒಂದೇ ಹೂವಾಗಿದ್ದರೆ ಎರಡು ಬಾಣವೇಕೆ? ವಿಷ್ಣುವಿನ ಎಡಬಲದಲ್ಲಿ ನಿಲ್ಲುವ ದೇವಿಯರಲ್ಲಿ ಶ್ರೀದೇವಿಯ ಕೈಗೆ ಪದ್ಮ, ಭೂದೇವಿಯ ಕೈಗೆ ನೀಲೋತ್ಪಲ ಎಂಬುದು ದಕ್ಷಿಣದ ಶಿಲ್ಪಿಗಳು ಪಾಲಿಸಿಕೊಂಡು ಬಂದ ಕ್ರಮ. ಕಲ್ಲಿನಲ್ಲಿ ಇಬ್ಬರನ್ನೂ ಬೇರೆ ಮಾಡಿ ತೋರಿಸುವ ಗುರುತುಗಳಲ್ಲಿ ಹೂವೂ ಒಂದಾಗಿತ್ತು.

ಚಂದ್ರನ ನೆಂಟಸ್ತಿಕೆ

ಸಂಸ್ಕೃತದ ನಿಘಂಟಾದ ಅಮರಕೋಶದಲ್ಲಿ ನೈದಿಲೆಗೆ ಬಣ್ಣವಾರು ಹೆಸರುಗಳಿವೆ. ಬಿಳಿಯದು ಕುಮುದ, ಕೈರವ, ನೀಲಿಯದು ಇಂದೀವರ, ಕೆಂಪಿನದು ರಕ್ತಸಂಧ್ಯಕ. ಉತ್ಪಲ, ಕುವಲಯ ಎಂಬ ಸಾಮಾನ್ಯ ಹೆಸರುಗಳೂ ಉಂಟು. ಕನ್ನಡ ತನ್ನದೇ ಆದ ‘ನೈದಿಲೆ’ಯನ್ನು ಇಟ್ಟುಕೊಂಡು, ನೀಲಿಯದನ್ನು ‘ಕನ್ನೈದಿಲೆ’ ಎಂದು ಕರೆಯಿತು. ಕಪ್ಪು ಎಂಬರ್ಥದ ‘ಕರ್’ ಇಲ್ಲಿ ಮುಂದೆ ಸೇರಿದೆ. ಗಾಢವಾದ ನೀಲಿಯನ್ನು ಕಪ್ಪಿನ ಜೊತೆ ಸೇರಿಸಿ ಹೇಳುವುದು ಹಳಗನ್ನಡಕ್ಕೆ ಸಹಜ.

ಸೂರ್ಯನಿಗೆ ತಾವರೆ, ಚಂದ್ರನಿಗೆ ನೈದಿಲೆ ಎಂಬುದು ಕವಿಸಮಯ. ಚಂದ್ರನಿಗೆ ‘ಕುಮುದಬಾಂಧವ’ ಎಂಬ ಹೆಸರೇ ಬಿದ್ದಿದೆ. ಇದನ್ನು ಬರಿಯ ಕಲ್ಪನೆ ಎಂದು ತಳ್ಳಿಹಾಕುವಂತಿಲ್ಲ. ಭಾರತದ ಬಿಳಿ ಮತ್ತು ಕೆಂಪು ನೈದಿಲೆಗಳು ನಿಜವಾಗಿಯೂ ಇರುಳಿನ ಹೂಗಳು. ಸೂರ್ಯ ಮುಳುಗಿದ ಮೇಲೆ ಅರಳಿ, ಮರುದಿನ ಹೊತ್ತೇರುವವರೆಗೂ ತೆರೆದಿದ್ದು, ಬಿಸಿಲು ಬಲಿತಂತೆ ಮುಚ್ಚಿಕೊಳ್ಳುತ್ತವೆ. ‘ರಕ್ತಸಂಧ್ಯಕ’ ಎಂಬ ಹೆಸರಿನಲ್ಲಿ ಬಣ್ಣವೂ ಹೊತ್ತೂ ಎರಡೂ ಅಡಗಿವೆ. ಕೆರೆಯ ದಂಡೆಯಲ್ಲಿ ಸಂಜೆ ಕುಳಿತು ನೋಡಿದವರಲ್ಲದೆ ಬೇರೆಯವರು ಇಟ್ಟಿರಲಾರದ ಹೆಸರು ಅದು.

ಆದರೆ ನೀಲಿ ನೈದಿಲೆಯ ವಿಷಯ ಹಾಗಲ್ಲ. ಅದು ಬೆಳಗ್ಗೆ ಅರಳಿ ಮಧ್ಯಾಹ್ನದ ಮೇಲೆ ಮುಚ್ಚುವ ಹಗಲಿನ ಹೂ. ಕಾವ್ಯದ ರೂಢಿ ಅದನ್ನೂ ಎಷ್ಟೋ ಕಡೆ ಬೆಳುದಿಂಗಳಿಗೆ ಒಪ್ಪಿಸಿಬಿಟ್ಟಿದೆ. ಗಿಡ ಕೊಳ್ಳುವವರಿಗೆ ಈ ವ್ಯತ್ಯಾಸ ಕೇವಲ ಸಾಹಿತ್ಯದ ಸಂಗತಿಯಲ್ಲ. ಬೆಳಗ್ಗೆ ಕೆಲಸಕ್ಕೆ ಹೋಗಿ ಕತ್ತಲಾದ ಮೇಲೆ ಮನೆಗೆ ಬರುವವರು ಹಗಲಿನ ಜಾತಿಯನ್ನು ತಂದುಕೊಂಡರೆ ವಾರದ ಆರು ದಿನವೂ ಮುಚ್ಚಿದ ಮೊಗ್ಗನ್ನೇ ನೋಡಬೇಕಾಗುತ್ತದೆ. ಅವರಿಗೆ ಕುಮುದವೇ ಸರಿ.

ನೆರೆಯ ದೇಶಗಳು ಈ ಹೂವಿಗೆ ರಾಷ್ಟ್ರದ ಮಾನ ಕೊಟ್ಟಿವೆ. ಶ್ರೀಲಂಕಾದ ರಾಷ್ಟ್ರೀಯ ಪುಷ್ಪ ‘ನೀಲ್ ಮಾನೆಲ್’ ನೈದಿಲೆ. ಬಾಂಗ್ಲಾದೇಶದ ‘ಶಾಪ್ಲಾ’ ಬಿಳಿಯ ನೈದಿಲೆ. ಆ ದೇಶದ ರಾಷ್ಟ್ರಲಾಂಛನದ ನಡುವೆ ನೀರಿನ ಮೇಲೆ ಅರಳಿ ನಿಂತಿರುವುದು ಇದೇ. ಬಂಗಾಳದ ಅಡುಗೆಮನೆಯಲ್ಲಿ ಇದರ ದಂಟು ತರಕಾರಿಯೂ ಹೌದು.

ಹೂವಿನ ಮೂರು ನಾಲ್ಕು ದಿನ

ನೈದಿಲೆಯ ಒಂದು ಹೂವಿನ ಆಯುಸ್ಸು ಸಾಮಾನ್ಯವಾಗಿ ಮೂರು ನಾಲ್ಕು ದಿನ. ಈ ಅಲ್ಪಾವಧಿಯಲ್ಲಿ ಅದು ಎರಡು ಪಾತ್ರ ವಹಿಸುತ್ತದೆ. ಮೊದಲ ದಿನ ಅದು ಹೆಣ್ಣು. ನಡುವಿನ ಬಟ್ಟಲಿನಲ್ಲಿ ಒಂದಿಷ್ಟು ದ್ರವ ತುಂಬಿರುತ್ತದೆ. ಬೇರೆ ಹೂವಿನಿಂದ ಪರಾಗ ಹೊತ್ತು ತಂದ ಕೀಟ ಅದರಲ್ಲಿ ಬಿದ್ದರೆ ಪರಾಗ ತೊಳೆದುಹೋಗಿ ಶಲಾಕೆಗೆ ಸೇರುತ್ತದೆ. ಕೆಲವೊಮ್ಮೆ ಕೀಟ ಅಲ್ಲಿಯೇ ಮುಳುಗಿ ಸಾಯುವುದೂ ಉಂಟು. ಎರಡನೆಯ ದಿನದಿಂದ ಅದೇ ಹೂ ಗಂಡು. ದ್ರವ ಇಂಗಿರುತ್ತದೆ, ಕೇಸರಗಳು ಪರಾಗ ಚೆಲ್ಲುತ್ತವೆ. ತನ್ನ ಪರಾಗ ತನಗೇ ತಾಗುವ ಸಂದರ್ಭವನ್ನು ಗಿಡ ಹೀಗೆ ಕಡಿಮೆ ಮಾಡಿಕೊಳ್ಳುತ್ತದೆ.

ಕೊನೆಯ ದಿನ ಮುಚ್ಚಿದ ಹೂ ಮತ್ತೆ ತೆರೆಯುವುದಿಲ್ಲ. ಕಾಯಿ ಕಟ್ಟಿದ್ದರೆ ದಂಟು ಬಾಗಿ ಅದನ್ನು ನೀರಿನೊಳಗೆ ಎಳೆದುಕೊಳ್ಳುತ್ತದೆ. ವಾರಗಳ ನಂತರ ಕಾಯಿ ಒಡೆದು ಸಾಸಿವೆಯಂತಹ ಬೀಜಗಳು ಮೇಲಕ್ಕೆ ತೇಲಿಬರುತ್ತವೆ. ಪ್ರತಿ ಬೀಜಕ್ಕೂ ಗಾಳಿ ತುಂಬಿದ ಒಂದು ಹೊದಿಕೆ ಇರುತ್ತದೆ. ಅದು ಕೊಳೆಯುವವರೆಗೆ ಬೀಜ ತೇಲುತ್ತ ದೂರ ಸಾಗಿ, ಆಮೇಲೆ ಮುಳುಗಿ ಕೆಸರು ಸೇರುತ್ತದೆ.

ಎಲೆಯ ಕಟ್ಟಡವೂ ಅಷ್ಟೇ ಲೆಕ್ಕಾಚಾರದ್ದು. ನೆಲದ ಮೇಲಿನ ಬಹುಪಾಲು ಗಿಡಗಳಲ್ಲಿ ಉಸಿರಾಡುವ ರಂಧ್ರಗಳು ಎಲೆಯ ಕೆಳಗಿರುತ್ತವೆ. ನೈದಿಲೆಯಲ್ಲಿ ಮೇಲಿರುತ್ತವೆ, ಏಕೆಂದರೆ ಕೆಳಗಿರುವುದು ನೀರು. ತೊಟ್ಟನ್ನು ಕತ್ತರಿಸಿ ನೋಡಿದರೆ ಉದ್ದಕ್ಕೂ ಗಾಳಿಯ ಕೊಳವೆಗಳು ಕಾಣುತ್ತವೆ. ಉಸಿರಿಲ್ಲದ ಕೆಸರಿನಲ್ಲಿ ಹೂತಿರುವ ಗೆಡ್ಡೆಗೆ ಗಾಳಿ ಇಳಿಯುವುದು ಈ ಕೊಳವೆಗಳ ಮೂಲಕ. ಬೇಸಿಗೆಯಲ್ಲಿ ಕೆರೆ ಬತ್ತಿದರೂ ಗೆಡ್ಡೆ ಕೆಸರಿನಡಿ ಮಲಗಿದ್ದು, ಮಳೆ ಬಂದಾಗ ಮತ್ತೆ ಚಿಗುರುತ್ತದೆ. ‘ಸತ್ತ’ ನೈದಿಲೆಯ ಕುಂಡವನ್ನು ತಿಪ್ಪೆಗೆ ಸುರಿಯುವವರು ಈ ಮಾತನ್ನು ನೆನಪಿಡಬೇಕು.

ಫ್ರಾನ್ಸಿನ ಕೊಳದಿಂದ

ಇಂದು ನರ್ಸರಿಗಳಲ್ಲಿ ಕಾಣುವ ಹಳದಿ, ಗುಲಾಬಿ, ತಾಮ್ರದ ಬಣ್ಣದ ಗಟ್ಟಿ ಜಾತಿಗಳ ಹಿಂದೆ ಒಬ್ಬ ಫ್ರೆಂಚ್ ತೋಟಗಾರನ ಶ್ರಮ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನ ಕೊಳಗಳಲ್ಲಿ ಚಳಿ ತಡೆದು ಬದುಕುತ್ತಿದ್ದುದು ಮುಖ್ಯವಾಗಿ ಬಿಳಿಯ ನೈದಿಲೆ. ಬಣ್ಣದವು ಬೇಕೆಂದರೆ ಉಷ್ಣದೇಶದ ಜಾತಿಗಳನ್ನು ಗಾಜಿನ ಮನೆಯಲ್ಲಿ ಕಾಪಾಡಬೇಕಾಗಿತ್ತು. ಜೋಸೆಫ್ ಬೋರಿ ಲಟೂರ್–ಮಾರ್ಲಿಯಾಕ್ 1875ರಲ್ಲಿ ನೈಋತ್ಯ ಫ್ರಾನ್ಸಿನ ಒಂದು ಹಳ್ಳಿಯಲ್ಲಿ ನೀರುಗಿಡಗಳ ನರ್ಸರಿ ತೆರೆದು, ಯುರೋಪಿನ ಜಾತಿಗೆ ಅಮೆರಿಕದ ಜಾತಿಗಳನ್ನು ಕೂಡಿಸಿ ಚಳಿ ತಡೆಯುವ ಬಣ್ಣದ ತಳಿಗಳನ್ನು ಪಡೆದರು. 1889ರಲ್ಲಿ ಪ್ಯಾರಿಸ್ಸಿನ ವಿಶ್ವ ಪ್ರದರ್ಶನದಲ್ಲಿ ಅವುಗಳನ್ನು ಜನರ ಮುಂದಿಟ್ಟರು. ಐಫೆಲ್ ಗೋಪುರ ಮೊದಲು ತೆರೆದುಕೊಂಡದ್ದೂ ಅದೇ ಪ್ರದರ್ಶನಕ್ಕೆ.

ಆ ಹೂಗಳಿಗೆ ಮನಸೋತವರಲ್ಲಿ ಚಿತ್ರಕಾರ ಕ್ಲಾಡ್ ಮೋನೆ ಒಬ್ಬರು. ಝಿವೆರ್ನಿ ಎಂಬ ಹಳ್ಳಿಯಲ್ಲಿ ನೆಲೆಸಿದ್ದ ಅವರು 1893ರಲ್ಲಿ ಮನೆಯೆದುರಿನ ಜೌಗು ನೆಲವನ್ನು ಕೊಂಡು, ಪಕ್ಕದ ತೊರೆಯಿಂದ ನೀರು ತಿರುಗಿಸಿಕೊಂಡು ಕೊಳ ಮಾಡಲು ಹೊರಟರು. ಊರವರು ಒಪ್ಪಲಿಲ್ಲ. ಎಲ್ಲಿಂದಲೋ ತಂದ ಈ ಗಿಡಗಳು ನೀರನ್ನು ಕೆಡಿಸುತ್ತವೆ, ಬಟ್ಟೆ ಒಗೆಯುವುದಕ್ಕೂ ದನಕರುಗಳಿಗೂ ತೊಂದರೆ ಎಂಬುದು ಅವರ ಭಯ. ಮೋನೆ ಅಧಿಕಾರಿಗಳಿಗೆ ಪತ್ರ ಬರೆದು ಅನುಮತಿ ಪಡೆಯಬೇಕಾಯಿತು. ಆಮೇಲೆ ಆ ಕೊಳದ ಆರೈಕೆಗೆಂದೇ ಒಬ್ಬ ಮಾಲಿ ನೇಮಕವಾದ. ದೋಣಿಯಲ್ಲಿ ಕುಳಿತು ಕೊಳೆತ ಎಲೆ ತೆಗೆಯುವುದು, ಎಲೆಗಳ ಮೇಲಿನ ದೂಳು ತೊಳೆಯುವುದು ಅವನ ಕೆಲಸ. ಪಕ್ಕದ ರಸ್ತೆಯ ದೂಳು ಹೂಗಳ ಮೇಲೆ ಬೀಳುತ್ತದೆಂದು ಮೋನೆ ತಮ್ಮ ಖರ್ಚಿನಲ್ಲಿಯೇ ರಸ್ತೆಗೆ ಡಾಂಬರು ಹಾಕಿಸಿದರು.

ಆ ಕೊಳವನ್ನು ನೋಡಿ ಅವರು ಬರೆದ ನೈದಿಲೆಯ ಚಿತ್ರಗಳು ಸುಮಾರು 250. ಕಣ್ಣಿಗೆ ಪೊರೆ ಬಂದು ಬಣ್ಣಗಳು ಮಸುಕಾದಾಗಲೂ ಬಿಡಲಿಲ್ಲ. 1926ರಲ್ಲಿ ತೀರಿಕೊಳ್ಳುವವರೆಗೆ ಕೆಲಸ ಮಾಡುತ್ತಿದ್ದ ಆ ದೊಡ್ಡ ಫಲಕಗಳು ಮರುವರ್ಷ ಪ್ಯಾರಿಸ್ಸಿನ ಒರಾಂಜರಿ ಸಂಗ್ರಹಾಲಯದಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡವು. ತೋಟಗಾರಿಕೆ ಚಿತ್ರಕಲೆಗೆ ಇಷ್ಟು ದೊಡ್ಡ ಕಾಣಿಕೆ ಕೊಟ್ಟ ಉದಾಹರಣೆ ಅಪರೂಪ.

ಎಲೆಯಿಂದ ಗಾಜಿನ ಮನೆಗೆ

ನೈದಿಲೆಯ ಕುಟುಂಬದ ಇನ್ನೊಂದು ಗಿಡಕ್ಕೂ ಬೆಂಗಳೂರಿಗೂ ಸಂಬಂಧ ಉಂಟು. ದಕ್ಷಿಣ ಅಮೆರಿಕದ ವಿಕ್ಟೋರಿಯಾ ನೈದಿಲೆಯ ಎಲೆ ಎರಡು ಮೀಟರಿಗೂ ಮೀರಿ ಅಗಲ ಬೆಳೆಯುತ್ತದೆ. 2022ರಲ್ಲಿ ಹೊಸದಾಗಿ ಹೆಸರು ಪಡೆದ ಬೊಲಿವಿಯಾದ ಜಾತಿಯದು ಮೂರು ಮೀಟರನ್ನೂ ದಾಟುತ್ತದೆ. ಈ ಗಿಡವನ್ನು ಇಂಗ್ಲೆಂಡಿನಲ್ಲಿ ಮೊದಲು ಹೂಬಿಡಿಸಿದವರು ಚಾಟ್ಸ್‌ವರ್ತ್ ಅರಮನೆಯ ತೋಟದ ಮೇಲ್ವಿಚಾರಕ ಜೋಸೆಫ್ ಪ್ಯಾಕ್ಸ್‌ಟನ್, 1849ರ ನವೆಂಬರಿನಲ್ಲಿ. ಅವರು ತಮ್ಮ ಪುಟ್ಟ ಮಗಳನ್ನು ತೇಲುವ ಎಲೆಯ ಮೇಲೆ ನಿಲ್ಲಿಸಿದರು, ಎಲೆ ಮುಳುಗಲಿಲ್ಲ. ತಿರುವಿ ನೋಡಿದರೆ ಅಡಿಯಲ್ಲಿ ನಡುವಿನಿಂದ ಅಂಚಿಗೆ ಹರಡಿದ ದಪ್ಪ ನರಗಳು, ಅವುಗಳ ನಡುವೆ ಅಡ್ಡಪಟ್ಟಿಗಳು. ತೆಳುವಾದ ಎಲೆಗೆ ಬಲ ಬಂದದ್ದು ಈ ಕಟ್ಟಿನಿಂದ.

ಎರಡು ವರ್ಷಗಳ ನಂತರ, 1851ರಲ್ಲಿ ಲಂಡನ್ನಿನ ಮಹಾ ಪ್ರದರ್ಶನಕ್ಕೆ ಅದೇ ಪ್ಯಾಕ್ಸ್‌ಟನ್ ಕಬ್ಬಿಣ ಮತ್ತು ಗಾಜಿನಲ್ಲಿ ಸುಮಾರು 1,850 ಅಡಿ ಉದ್ದದ ಕ್ರಿಸ್ಟಲ್ ಪ್ಯಾಲೇಸನ್ನು ರೂಪಿಸಿದರು. ತಮಗೆ ಎಂಜಿನಿಯರಿಂಗ್ ಕಲಿಸಿದ್ದು ಆ ಎಲೆ ಎಂಬ ಅರ್ಥದ ಮಾತನ್ನು ಅವರೇ ಆಡಿದ್ದರು. ಇದರಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಉಂಟು. ಅದಕ್ಕೂ ಮೊದಲೇ ಅವರು ಹಲವು ಗಾಜಿನ ಮನೆಗಳನ್ನು ಕಟ್ಟಿ ಅನುಭವ ಪಡೆದಿದ್ದರು. ಆದರೂ ಆ ಕಟ್ಟಡದ ಹಿಂದೆ ಒಂದು ನೈದಿಲೆ ಇತ್ತೆಂಬುದು ಸುಳ್ಳಲ್ಲ. ಆ ಕ್ರಿಸ್ಟಲ್ ಪ್ಯಾಲೇಸಿನ ಮಾದರಿಯಿಂದ ಪ್ರೇರಣೆ ಪಡೆದು ಕಟ್ಟಿದ್ದೇ ಲಾಲ್‌ಬಾಗಿನ ಗಾಜಿನ ಮನೆ. ಅದರ ಅಡಿಗಲ್ಲು ಬಿದ್ದದ್ದು 1889ರ ನವೆಂಬರ್ 30ರಂದು. ಲಂಡನ್ನಿನದು 1936ರಲ್ಲಿ ಬೆಂಕಿಗೆ ಆಹುತಿಯಾಯಿತು. ಬೆಂಗಳೂರಿನದು ಫಲಪುಷ್ಪ ಪ್ರದರ್ಶನಗಳಿಗೆ ಇಂದೂ ನೆರಳು ಕೊಡುತ್ತಿದೆ.

ತೊಟ್ಟಿಯ ಲೆಕ್ಕ

ಇಷ್ಟು ದೂರ ಸುತ್ತಿ ಬಂದ ಹೂವನ್ನು ಮನೆಯಂಗಳದಲ್ಲಿ ಅಥವಾ ತಾರಸಿಯಲ್ಲಿ ಬೆಳೆಸುವುದು ಹೇಗೆ? ಮೊದಲನೆಯದು ಬಿಸಿಲು. ಕೆರೆಯ ಮೇಲೆ ನೆರಳಿಲ್ಲ. ದಿನಕ್ಕೆ ಐದಾರು ಗಂಟೆಯಾದರೂ ನೇರ ಬಿಸಿಲು ಬೀಳದ ಕಡೆ ಎಲೆ ಬಂದೀತು, ಹೂ ಬಾರದು. ಹೂ ಬರಲಿಲ್ಲ ಎನ್ನುವ ದೂರುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಇದೇ.

ಎರಡನೆಯದು ಪಾತ್ರೆ. ಎರಡು ಅಡಿ ಅಗಲ, ಒಂದೂವರೆ ಅಡಿ ಆಳದ ಸಿಮೆಂಟಿನ ಅಥವಾ ಪ್ಲಾಸ್ಟಿಕ್ಕಿನ ತೊಟ್ಟಿ ಒಂದು ಗಿಡಕ್ಕೆ ಸಾಕು. ಆಳಕ್ಕಿಂತ ಅಗಲ ಮುಖ್ಯ, ಎಲೆಗಳಿಗೆ ಹರಡಿಕೊಳ್ಳಲು ಜಾಗ ಬೇಕು. ಹೊಸ ಸಿಮೆಂಟಿನ ತೊಟ್ಟಿಯಾದರೆ ಕೆಲವು ಸಲ ನೀರು ತುಂಬಿಸಿ ಚೆಲ್ಲಿ ಸುಣ್ಣದ ಖಾರ ಇಳಿಸಬೇಕು. ತಾರಸಿಯ ಮೇಲಿಡುವವರು ತೂಕವನ್ನು ಮರೆಯಬಾರದು: ನೂರು ಲೀಟರ್ ನೀರೆಂದರೆ ನೂರು ಕಿಲೋ.

ಮೂರನೆಯದು ಮಣ್ಣು. ಹೆಚ್ಚಿನವರು ತಪ್ಪುವುದು ಇಲ್ಲಿ. ತೆಂಗಿನ ನಾರಿನ ಪುಡಿ, ಎಲೆಗೊಬ್ಬರ ಬೆರೆಸಿದ ಹಗುರವಾದ ಮಿಶ್ರಣ ನೀರಿನಲ್ಲಿ ತೇಲುತ್ತದೆ, ಕೊಳೆಯುತ್ತದೆ, ನೀರನ್ನು ಕೆಡಿಸುತ್ತದೆ. ನೈದಿಲೆಗೆ ಬೇಕಾದದ್ದು ಭಾರವಾದ ಅಂಟು ಮಣ್ಣು. ಗದ್ದೆಯ ಮಣ್ಣು ಆದೀತು; ಕೆರೆಗೋಡು ಸಿಕ್ಕರಂತೂ ಅದಕ್ಕಿಂತ ಉತ್ತಮ ಇಲ್ಲ. ಬೇಸಿಗೆಯಲ್ಲಿ ಕೆರೆಯ ಹೂಳನ್ನು ಗಾಡಿಯಲ್ಲಿ ಹೇರಿ ಹೊಲಕ್ಕೆ ಹಾಕುತ್ತಿದ್ದ ರೈತರಿಗೆ ಅದರ ಸತ್ವ ಗೊತ್ತಿತ್ತು. ಹತ್ತು ಹನ್ನೆರಡು ಅಂಗುಲ ಅಗಲದ ಕುಂಡದ ತಳದಲ್ಲಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಎರಡು ಹಿಡಿ, ಅದರ ಮೇಲೆ ಮಣ್ಣು, ಎಲ್ಲಕ್ಕೂ ಮೇಲೆ ಒಂದಂಗುಲ ದಪ್ಪಮರಳು. ಮಣ್ಣು ಕದಡದಿರಲು ಈ ಮರಳು.

ನಾಟಿಯಲ್ಲಿ ಎರಡು ಬಗೆ. ಚಳಿದೇಶದ ಗಟ್ಟಿ ಜಾತಿಗಳ ಬೇರುಕಾಂಡ ಶುಂಠಿಯಂತೆ ಅಡ್ಡಡ್ಡ ಬೆಳೆಯುತ್ತದೆ. ಅದನ್ನು ಕುಂಡದ ಅಂಚಿನಲ್ಲಿ, ಚಿಗುರು ನಡುವಿನ ಕಡೆಗೆ ಮುಖ ಮಾಡುವಂತೆ ಓರೆಯಾಗಿ ನೆಡಬೇಕು. ಉಷ್ಣದೇಶದವು ಗೆಡ್ಡೆಯಿಂದ ನೇರವಾಗಿ ಮೇಲೇಳುತ್ತವೆ. ಅವಕ್ಕೆ ಕುಂಡದ ನಡು. ಎರಡರಲ್ಲಿಯೂ ಚಿಗುರಿನ ತುದಿ ಮಣ್ಣಿನಲ್ಲಿ ಹೂತುಹೋಗಬಾರದು. ಯಾವುದು ಯಾವ ಬಗೆ ಎಂದು ತಿಳಿಯಲು ಹೂವನ್ನು ನೋಡಿದರೆ ಸಾಕು: ನೀರಿಗೆ ತಾಗಿದಂತೆ ಅರಳುವುದು ಸಾಮಾನ್ಯವಾಗಿ ಗಟ್ಟಿ ಜಾತಿ, ದಂಟಿನ ಮೇಲೆ ಎತ್ತರದಲ್ಲಿ ನಿಲ್ಲುವುದು ಉಷ್ಣದೇಶದ್ದು. ನರ್ಸರಿಗಳಲ್ಲಿ ಸಿಗುವ ‘ಡಾಬೆನ್’ ಎಂಬ ತಿಳಿನೀಲಿ ಜಾತಿಯಂತೂ ಎಲೆಯ ನಡುವೆಯೇ ಮರಿಗಿಡ ಹುಟ್ಟಿಸುತ್ತದೆ. ಎಲೆ ಬಾಡುವ ಹೊತ್ತಿಗೆ ಮರಿಯನ್ನು ಬಿಡಿಸಿ ನೆಟ್ಟರೆ ಇನ್ನೊಂದು ಗಿಡವಾಯಿತು.

ಕುಂಡವನ್ನು ತೊಟ್ಟಿಯಲ್ಲಿಟ್ಟು ಮೊದಲು ಚಿಗುರಿನ ಮೇಲೆ ನಾಲ್ಕಾರು ಅಂಗುಲ ನೀರು ಮಾತ್ರ ನಿಲ್ಲಿಸಬೇಕು. ಎಲೆ ಮೇಲೆ ಬಂದಂತೆ ಮಟ್ಟ ಏರಿಸಬಹುದು. ಮಳೆ ಬಿದ್ದು ಕೆರೆ ತುಂಬುವುದೂ ಹೀಗೆಯೇ, ಮೆಲ್ಲಗೆ. ನಲ್ಲಿಯ ನೀರಾದರೆ ಒಂದೆರಡು ದಿನ ತೆರೆದಿಟ್ಟು ಬಳಸುವುದು ಒಳ್ಳೆಯದು. ಕಾರಂಜಿ ಬೇಡ. ಎಲೆಯ ಮೇಲೆ ಸದಾ ನೀರು ಚಿಮ್ಮುವುದು, ನೀರು ಹರಿಯುವುದು ಎರಡೂ ನೈದಿಲೆಗೆ ಆಗಿಬರುವುದಿಲ್ಲ.

ಹೊಸ ತೊಟ್ಟಿಯ ನೀರು ಮೊದಲ ವಾರಗಳಲ್ಲಿ ಹಸಿರಾಗುವುದು ಸಹಜ. ಗಾಬರಿಯಿಂದ ನೀರು ಬದಲಾಯಿಸಿದರೆ ಪಾಚಿಗೆ ಹೊಸ ಆಹಾರ ಕೊಟ್ಟಂತಾಗುತ್ತದೆ. ಎಲೆಗಳು ನೀರಿನ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಮುಚ್ಚಿದಾಗ ಬೆಳಕು ಸಿಗದೆ ಪಾಚಿ ತಾನಾಗಿ ಇಳಿಯುತ್ತದೆ. ಗೊಬ್ಬರವನ್ನು ಎಂದೂ ನೀರಿಗೆ ಹಾಕಬಾರದು; ಮಣ್ಣಿನ ಉಂಡೆಯಲ್ಲಿಟ್ಟು ಬೇರಿನ ಬಳಿ ಒತ್ತಬೇಕು. ಹಳದಿಯಾದ ಎಲೆ, ಮುಗಿದ ಹೂ ಇವುಗಳನ್ನು ಬುಡದಿಂದ ಕಿತ್ತು ತೆಗೆಯುವುದು ವಾರದ ಕೆಲಸ. ಎರಡು ಮೂರು ವರ್ಷಕ್ಕೊಮ್ಮೆ ಗಿಡವನ್ನು ಬಿಡಿಸಿ ಮಣ್ಣು ಬದಲಾಯಿಸಿದರೆ ಹೂ ಕುಗ್ಗುವುದಿಲ್ಲ.

ಸೊಳ್ಳೆಯ ಪ್ರಶ್ನೆ

ತೊಟ್ಟಿ ಕೆರೆಯಲ್ಲ ಎಂಬುದನ್ನು ಮೊದಲು ನೆನಪಿಸುವುದು ಸೊಳ್ಳೆ. ಆರೋಗ್ಯವಂತ ಕೆರೆಯಲ್ಲಿ ಸೊಳ್ಳೆಮರಿಯನ್ನು ತಿನ್ನಲು ಮೀನು, ಕಪ್ಪೆ, ಏರೋಪ್ಲೇನ್ ಚಿಟ್ಟೆಯ ಮರಿ ಎಲ್ಲವೂ ಇರುತ್ತವೆ. ತೊಟ್ಟಿಯಲ್ಲಿ ಯಾರೂ ಇಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆಗಂತೂ ಮನೆಯ ಸುತ್ತಲಿನ ಇಂತಹ ಪಾತ್ರೆಗಳೇ ಇಷ್ಟ. ನೀರಿನ ಮಟ್ಟಕ್ಕೆ ತುಸು ಮೇಲೆ, ಪಾತ್ರೆಯ ಗೋಡೆಗೆ ಅದು ಮೊಟ್ಟೆ ಅಂಟಿಸುತ್ತದೆ. ಆ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ನೀರು ತಾಗಿದ ಮೇಲೆ ಬೆಚ್ಚಗಿನ ದಿನಗಳಲ್ಲಿ ವಾರ ಹತ್ತು ದಿನದೊಳಗೆ ಸೊಳ್ಳೆ ಹಾರುತ್ತದೆ. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಯವರಿಗೂ ದಂಡ ವಿಧಿಸುವ ನಿಯಮ ತಂದದ್ದು ಸುಮ್ಮನೆ ಅಲ್ಲ.

ಆದ್ದರಿಂದ ಮೀನಿಲ್ಲದ ನೈದಿಲೆ ತೊಟ್ಟಿ ಇರಕೂಡದು. ನಾಲ್ಕಾರು ಗಪ್ಪಿ ಮೀನು ಒಂದು ತೊಟ್ಟಿಯನ್ನು ಕಾಯುತ್ತವೆ. ವಾರಕ್ಕೊಮ್ಮೆ ತೊಟ್ಟಿಯ ಒಳಗೋಡೆಯನ್ನು ನೀರಿನ ಗೆರೆಯ ಬಳಿ ಉಜ್ಜಬೇಕು. ಕೀಟನಾಶಕ ಸಿಂಪಡಿಸಿದರೆ ಮೊದಲು ಸಾಯುವುದು ಮೀನು. ಆಮೇಲೆ ಸೊಳ್ಳೆಗೆ ಹಬ್ಬ. ಎಲೆಗೆ ಹೇನು ಕೂತರೆ ನೀರು ಚಿಮುಕಿಸಿ ಕೆಳಗೆ ಬೀಳಿಸಿದರಾಯಿತು, ಉಳಿದದ್ದನ್ನು ಮೀನು ನೋಡಿಕೊಳ್ಳುತ್ತದೆ.

ಗಪ್ಪಿಯೂ ಹೊರದೇಶದ ಮೀನು. ತೊಟ್ಟಿಯಲ್ಲಿ ಹೆಚ್ಚಾದವನ್ನು ಕರುಣೆಯಿಂದ ಕೆರೆಗೆ ಬಿಡುವುದು ಕರುಣೆಯಲ್ಲ, ಅಲ್ಲಿನ ಸಣ್ಣ ಮೀನುಗಳಿಗೆ ಕೇಡು. ಹೊರಗಿನ ನೈದಿಲೆ ತಳಿಗಳನ್ನು ಕೆರೆಗೆ ಎಸೆಯುವುದೂ ಅಷ್ಟೆ. ಇಂದು ಕೆರೆಗಳನ್ನು ಮುಚ್ಚಿ ಉಸಿರುಗಟ್ಟಿಸುತ್ತಿರುವ ವಾಟರ್ ಹಯಸಿಂತ್ ದಕ್ಷಿಣ ಅಮೆರಿಕದಿಂದ ಇಲ್ಲಿಗೆ ಬಂದದ್ದು ಅದರ ಚೆಂದದ ನೇರಳೆ ಹೂವಿಗಾಗಿ, ಅಲಂಕಾರದ ಗಿಡವಾಗಿ.

ಕೆರೆ ಎಲ್ಲಿ?

ಇಷ್ಟೆಲ್ಲ ಪಾಡುಪಟ್ಟು ತೊಟ್ಟಿಯಲ್ಲಿ ಬೆಳೆಸಬೇಕಾದ ಹೂ ಒಂದು ಕಾಲಕ್ಕೆ ಊರ ಕೆರೆಯಲ್ಲಿ ಯಾರೂ ನೆಡದೆ ಅರಳುತ್ತಿತ್ತು. ನೈದಿಲೆ ಬೆಳೆಯುವುದು ಕೆರೆಯ ನಡುವಿನ ಆಳದಲ್ಲಿ ಅಲ್ಲ. ಮೊಣಕಾಲಿನಿಂದ ಎದೆಮಟ್ಟದವರೆಗಿನ ಅಂಚಿನ ನೀರಿನಲ್ಲಿ. ಕೆರೆಗೆ ತೊಂದರೆ ಬಂದಾಗ ಮೊದಲು ಹೋಗುವುದೂ ಈ ಅಂಚೇ. ಒತ್ತುವರಿ ಶುರುವಾಗುವುದು ಅಲ್ಲಿಂದ. ಚರಂಡಿಯ ನೀರು ನುಗ್ಗಿ ಕಳೆ ಹಬ್ಬುವುದು ಅಲ್ಲಿಂದ. ಕೆರೆಯನ್ನು ಉಳಿಸಲು ಹೊರಟಾಗಲೂ ಯಂತ್ರಗಳಿಂದ ಅಂಚನ್ನೆಲ್ಲ ಕೆರೆದು, ಬಟ್ಟಲಿನಂತೆ ಕಡಿದಾಗಿ ಮಾಡಿ, ಕಲ್ಲು ಕಟ್ಟಿ, ಸುತ್ತ ನಡೆದಾಡುವ ಹಾದಿ ಮಾಡಿದರೆ ನೀರು ನಿಂತೀತು, ನೈದಿಲೆಗೆ ಮಾತ್ರ ನೆಲ ಇರುವುದಿಲ್ಲ. ಇನ್ನು ಕೆಲವು ಕೆರೆಗಳು ಪೂರ್ತಿಯೇ ಹೋದವು. ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ನೆಲದಲ್ಲಿ. ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ನೆಲದಲ್ಲಿ.

ಕೆರೆಯ ಅಂಚಿನ ಜೊತೆ ಅಲ್ಲಿನ ಬಾಳೂ ಹೋಗುತ್ತದೆ. ದೇವನಕ್ಕಿ ಎಂಬ ನೀರುಹಕ್ಕಿ ನೈದಿಲೆಯಂತಹ ತೇಲುವ ಎಲೆಗಳ ಮೇಲೆ ಉದ್ದ ಬೆರಳುಗಳನ್ನು ಹರಡಿಕೊಂಡು ನಡೆಯುತ್ತದೆ, ಅಲ್ಲಿಯೇ ಮೊಟ್ಟೆ ಇಡುತ್ತದೆ. ಕಾವು ಕೊಡುವುದು, ಮರಿ ಸಾಕುವುದು ಗಂಡುಹಕ್ಕಿಯ ಕೆಲಸ. ತೇಲುವ ಎಲೆಯ ಹಾಸು ಇಲ್ಲದ ಕೆರೆಯಲ್ಲಿ ಅದಕ್ಕೆ ಮನೆ ಇಲ್ಲ.

ಹಾಗೆಂದು ತೊಟ್ಟಿಯ ನೈದಿಲೆ ವ್ಯರ್ಥವೆಂದಲ್ಲ. ಪಾಠದಲ್ಲಿ ಕುಮುದ, ಕುವಲಯ ಎಂದು ಕಂಠಪಾಠ ಮಾಡಿ, ಜೀವಮಾನದಲ್ಲಿ ಒಮ್ಮೆಯೂ ಅದನ್ನು ಕಣ್ಣಾರೆ ಕಾಣದ ಮಕ್ಕಳಿಗೆ ಸಂಜೆ ಏಳು ಗಂಟೆಗೆ ತಾರಸಿಯ ಮೇಲೆ ಅರಳುವ ಬಿಳಿಯ ಹೂ ಒಂದು ಪದದ ಅರ್ಥವನ್ನು ತೋರಿಸಿಕೊಡುತ್ತದೆ. ಕೊಳ್ಳುವಾಗ ನರ್ಸರಿಯಲ್ಲಿ ಬೆಳೆಸಿದ ಗಿಡವನ್ನೇ ಕೊಳ್ಳಬೇಕು; ಅಳಿದುಳಿದ ಕೆರೆಯಿಂದ ಕಿತ್ತು ತಂದರೆ ತೊಟ್ಟಿಗಾಗಿ ಕೆರೆಯನ್ನು ಬರಿದು ಮಾಡಿದಂತೆ. ತೊಟ್ಟಿಯಲ್ಲಿ ಹೂ ಅರಳಿಸಿದವರಿಗೆ ಬಿಸಿಲು ಎಷ್ಟು ಬೇಕು, ಮಣ್ಣು ಎಂಥದು, ನೀರು ಎಷ್ಟಿರಬೇಕು, ಮೀನು ಏಕೆ ಬೇಕು ಎಂಬುದು ತಿಳಿದಿರುತ್ತದೆ. ಊರ ಕೆರೆಯ ಅಂಚನ್ನು ಯಂತ್ರ ಕೆರೆಯಲು ಬಂದ ದಿನ ಏನು ಹೋಗುತ್ತಿದೆ ಎಂದು ಹೇಳಬಲ್ಲವರು ಅವರೇ.